ಅಳಿಸಿದ ಸೊನ್ನೆಗಳು

ಬೀದಿಯವರೆಲ್ಲ ಅವನನ್ನು ಜಿಪ್ಪಣ್ಣ ಎಂದೇ ಕರೆಯುತ್ತಿದ್ದರು. ಸೂಟ್‌ಕೇಸಿನ ಗಾಲಿ ಕಿತ್ತುಬರಲಿ, ಶಾಲೆಯ ಚೀಲದ ಜಿಪ್ಪು ಕೆಡಲಿ, ಅವನ ಅಂಗಡಿಗೇ ಬರಬೇಕು. ಅಂಗಡಿ ಎಂದರೆ ಮಹಡಿ ಮೆಟ್ಟಿಲ ಕೆಳಗಿನ ಒಂದು ಗೂಡು. ಅವನು ಒಳಗೆ ಕೂತರೆ ಬ್ಯಾಗು ಹೊರಗೆ, ಬ್ಯಾಗು ಒಳಗಿಟ್ಟರೆ ಅವನು ಹೊರಗೆ. ಎಲ್ಲೆಲ್ಲೋ ಸುತ್ತಿಬಂದ ಬ್ಯಾಗುಗಳ ಹೊಟ್ಟೆಗೆ ಕೈಹಾಕಿ ಹಾಕಿ ತಲೆ ನರೆತಿತ್ತು. ಅವನು ಮಾತ್ರ ಎಲ್ಲಿಗೂ ಹೋದವನಲ್ಲ.

ಕಸುಬಿನಲ್ಲಿ ಅವನು ಬಲು ಕಟ್ಟುನಿಟ್ಟು. ಹೊಸ ಗಾಲಿ ಹಾಕಿದ ಬ್ಯಾಗನ್ನು ಹಾಗೇ ಎತ್ತಿ ಕೊಡುತ್ತಿರಲಿಲ್ಲ. ಅದರೊಳಗೆ ಇಟ್ಟಿಗೆ ತುಂಬಿ, ಬೀದಿಯ ತುದಿಯವರೆಗೂ ದಡದಡ ಎಳೆದುಕೊಂಡು ಹೋಗಿಬಂದು, ಗಾಲಿ ಅಲುಗದಿದ್ದರೆ ಆಮೇಲೆ ಕೊಡುವುದು. ಹಾಗೆಯೇ, ಬ್ಯಾಗಿನೊಳಗೆ ಏನೇ ಸಿಗಲಿ, ಮುರಿದ ಬಾಚಣಿಗೆಯೇ ಆಗಲಿ, ಗಿರಾಕಿ ಕೇಳುವ ಮೊದಲೇ ಎತ್ತಿ ಕೈಗಿಡುವುದು. ಒಮ್ಮೆ ಬ್ಯಾಗಿನ ಒಳಬಟ್ಟೆಯ ಹೊಲಿಗೆಯಲ್ಲಿ ಸಿಕ್ಕ ಚಿನ್ನದ ಉಂಗುರವನ್ನು ಹಿಂದಿರುಗಿಸಿದ್ದ. ಆ ಕಥೆಯನ್ನು ಕೇಳದ ಗಿರಾಕಿ ಇರಲಿಲ್ಲ.

"ಆ ಉಂಗುರ ನಿನ್ನ ಬಾಯಲ್ಲಿ ಸವೆದು ತಂತಿ ಆಗಿದೆ ಕಣಯ್ಯ, ಇನ್ನಾದ್ರೂ ಬಿಡು" ಎಂದು ಎದುರಂಗಡಿಯ ಟೈಲರ್ ನಗುತ್ತಿದ್ದ.

ಅಂಥ ಜಿಪ್ಪಣ್ಣನಿಗೂ ಅವನ ಹೆಂಡತಿಗೂ ಆ ವರ್ಷ ಗಡಿಯಾಚೆಯ ದೊಡ್ಡ ದೇಶ ನೋಡಿಬರುವ ಯೋಗ ಕೂಡಿಬಂತು. ಹೆಂಡತಿ ಮನೆಯಲ್ಲೇ ಬ್ಯಾಗಿನ ಒಳಬಟ್ಟೆ ಹೊಲಿದುಕೊಡುತ್ತಿದ್ದಳು. ಮೊದಲು ಆಸೆ ಬಿದ್ದವಳು ಅವಳೇ. ಆ ದೇಶವೋ, ಜನ್ಮವೆಲ್ಲ ನಡೆದರೂ ಮುಗಿಯದಷ್ಟು. ಅರಮನೆಗಳೇನು, ಗೋಡೆಗೋಡೆಯ ಮೇಲೂ ಚಿತ್ರಗಳೇನು, ಕುಣಿತ, ಗೊಂಬೆಯಾಟ, ದೋಣಿಯ ಮೇಲೆ ನಡೆಯುವ ಸಂತೆ! ಇವರ ಕೈಯಲ್ಲಿದ್ದದ್ದು ಐದು ದಿನ.

"ಅರಮನೇಲಿ ಸಾವಿರ ಕೋಣೆ ಇದ್ಯಂತೆ ಕಣ್ರೀ."

"ನಮಗೆ ಒಂದು ಕೋಣೆ ಗುಡಿಸೋದೇ ಕಷ್ಟ, ಅವರ ಸಾವಿರ ಕೋಣೆ ಕಟ್ಕೊಂಡು ಏನ್ಮಾಡ್ತೀಯ?"

"ಗುಡಿಸೋಕೆ ಕರೀತಿದಾರಾ? ನೋಡೋಕೆ ತಾನೇ?"

ಸಂಜೆ ಅಂಗಡಿ ಮುಚ್ಚಿ ಬಂದು, ಊಟದ ತಟ್ಟೆ ತೆಗೆದ ಮೇಲೆ, ಇಬ್ಬರೂ ಒಂದು ಮ್ಯಾಪನ್ನು ನೆಲದ ಮೇಲೆ ಹಾಸಿಕೊಂಡು ಕೂರುತ್ತಿದ್ದರು. ಆ ದೇಶದ ದೊಡ್ಡ ಪಟ್ಟಣದ ಮ್ಯಾಪು ಅದು. ಹಳೆಯದು, ಮಡಿಕೆಯಲ್ಲಿ ಹರಿದಿತ್ತು. ಹರಿದಲ್ಲಿ ಯಾರೋ ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿ ಅಂಟಿಸಿದ್ದರು. ಹೆಂಡತಿ ಕೇಳಿದಾಗ ಜಿಪ್ಪಣ್ಣ, "ಹಳೇ ಪುಸ್ತಕದಂಗಡೀಲಿ ಸಿಕ್ತು" ಎಂದಿದ್ದ. ಅವಳು ನಂಬಿದ್ದಳು. ನಂಬದಿರಲು ಅವನು ಅವಳಿಗೆ ಯಾವತ್ತೂ ಕಾರಣ ಕೊಟ್ಟಿರಲಿಲ್ಲ.

ಆದರೆ ಮ್ಯಾಪು ಸಿಕ್ಕಿದ್ದು ನರ್ಸಮ್ಮನ ಬ್ಯಾಗಿನಲ್ಲಿ. ನರ್ಸಮ್ಮ ಆಸ್ಪತ್ರೆಯ ಕೆಲಸ ಬಿಟ್ಟು ಮನೆಯಲ್ಲಿದ್ದ ಹೆಂಗಸು, ಗಂಡ ತೀರಿಕೊಂಡು ಬಹಳ ದಿನವಾಗಿರಲಿಲ್ಲ. "ಒಳಬಟ್ಟೆ ಹರಿದಿದೆ, ಗಾಲೀನೂ ಹೋಗಿದೆ. ಅವಸರ ಇಲ್ಲ ಜಿಪ್ಪಣ್ಣ, ನಾನಿನ್ನು ಎಲ್ಲಿಗೆ ಹೋಗಲಿ" ಎಂದು ಬ್ಯಾಗು ಬಿಟ್ಟುಹೋಗಿದ್ದಳು. ಒಳಬಟ್ಟೆ ಬಿಚ್ಚಿದಾಗ ಹಲಗೆಯ ಹಿಂದೆ ಜಾರಿಕೊಂಡಿದ್ದ ಮ್ಯಾಪು ಕೈಗೆ ಬಂತು. ಅವನು ಹೋಗಬೇಕೆಂದಿದ್ದ ಪಟ್ಟಣವೇ! ನಾಲ್ಕು ದಿನ ನೋಡಿ ಕೊಟ್ಟರಾಯಿತು ಎಂದುಕೊಂಡ. ಯಾರೂ ಕೇಳಲಿಲ್ಲ. ಕೇಳದ್ದಕ್ಕೆ ಅವನ ಮನಸ್ಸು ಸಡಿಲವಾಯಿತು.

ಮ್ಯಾಪಿನ ತುಂಬ ಪೆನ್ಸಿಲಿನ ಸಣ್ಣ ಸಣ್ಣ ಸೊನ್ನೆಗಳಿದ್ದವು. ಅರಮನೆಯ ಮೇಲಿಲ್ಲ, ಗೊಂಬೆಯಾಟದ ಮನೆಯ ಮೇಲಿಲ್ಲ. ಯಾವುದೋ ರಸ್ತೆಯ ಮಗ್ಗುಲಲ್ಲಿ, ಹೊಳೆ ತಿರುಗುವ ಕಡೆಯಲ್ಲಿ, ಏನೂ ಇಲ್ಲದ ಜಾಗದಲ್ಲಿ. "ಯಾವನೋ ತಲೆಕೆಟ್ಟವನು" ಎಂದುಕೊಂಡು, ತಮ್ಮ ಐದು ದಿನದ ದಾರಿ ಎಳೆಯಲು ಅಡ್ಡವಾಗುತ್ತವೆಂದು, ಒಂದು ಮಧ್ಯಾಹ್ನ ರಬ್ಬರು ತೆಗೆದುಕೊಂಡು ಎಲ್ಲವನ್ನೂ ಉಜ್ಜಿಹಾಕಿದ. ಜಿಪ್ಪಣ್ಣನ ಕೆಲಸ ಯಾವತ್ತೂ ಅಚ್ಚುಕಟ್ಟು. ಒಂದೂ ಉಳಿಯಲಿಲ್ಲ.

ಹೊರಡುವ ದಿನ ಹತ್ತಿರ ಬಂತು. ನರ್ಸಮ್ಮನ ಬ್ಯಾಗಿಗೆ ಗಾಲಿ ಹಾಕಿ ಮುಗಿದಿತ್ತು, ಎಳೆದು ನೋಡಬೇಕಿತ್ತು. ಹೆಂಡತಿಗೆ ತಮ್ಮ ಬಟ್ಟೆಬರೆ ಎಷ್ಟು ತೂಗುತ್ತದೋ ಎಂಬ ಚಿಂತೆ. "ಇಟ್ಟಿಗೆ ಯಾಕೆ, ನಮ್ಮ ಸಾಮಾನೇ ತುಂಬು. ಗಾಲೀನೂ ನೋಡಿದ ಹಾಗಾಯ್ತು, ಭಾರಾನೂ ನೋಡಿದ ಹಾಗಾಯ್ತು" ಎಂದ ಅವನು. ಅವಳು ತುಂಬಿದಳು. ತೇಪೆ ಹಾಕಿದ ಒಳಉಡುಪು, ಅಕ್ಕನ ಮನೆಯಿಂದ ಕೇಳಿ ತಂದ ಸ್ವೆಟರು, ಅಲ್ಲಿಯ ಊಟ ಹಿಡಿಸದಿದ್ದರೆ ಇರಲಿ ಎಂದು ಒಣ ರೊಟ್ಟಿಯ ಕಟ್ಟು, ಎಲ್ಲದರ ಮೇಲೆ ಮರೆಯಬಾರದೆಂದು ಮ್ಯಾಪು. ಅವನು ಬೀದಿ ತುದಿಯವರೆಗೆ ಎಳೆದುಕೊಂಡು ಹೋಗಿಬಂದ. ಗಾಲಿ ಬೆಣ್ಣೆಯ ಹಾಗೆ ಉರುಳಿತು. ಬ್ಯಾಗನ್ನು ಅಂಗಡಿಯಲ್ಲೇ ನಿಲ್ಲಿಸಿ, ಗಡಿಯಲ್ಲಿ ಸಿಗುವ ವೀಸಾಕ್ಕೆ ಬೇಕಾದ ಫೋಟೋ ತೆಗೆಸಲು ಇಬ್ಬರೂ ಸ್ಟುಡಿಯೋಗೆ ಹೋದರು. ಅಂಗಡಿ ನೋಡಿಕೊಳ್ಳಲು ಎಂದಿನಂತೆ ಟೈಲರ್ ಇದ್ದ.

ಬಂದಾಗ ಟೈಲರ್ ಹಲ್ಲು ಕಿರಿಯುತ್ತ ನಿಂತಿದ್ದ. "ನರ್ಸಮ್ಮ ಬಂದಿದ್ರು ಕಣಯ್ಯ. ತಂಗಿ ಮಗಳು ಎಲ್ಲಿಗೋ ಹೊರಟಿದಾಳಂತೆ, ಬ್ಯಾಗು ಬೇಕಂತೆ. ನಾನೇ ಎತ್ತಿ ಆಟೋದಲ್ಲಿಟ್ಟೆ. ಅದೇನು ತುಂಬ್ಕೊಂಡಿದ್ರೋ ಮಹಾತಾಯಿ, ನನ್ನ ಸೊಂಟ ಹೋಯ್ತು!"

ಜಿಪ್ಪಣ್ಣ ಗೂಡಿನೊಳಗೆ ಇಣುಕಿದ, ಬ್ಯಾಗಿದ್ದ ಜಾಗ ಬರಿದಾಗಿತ್ತು. ಹೆಂಡತಿ ಮಾತ್ರ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಅಯ್ಯೋ, ನಮ್ಮ ತೇಪೆ ಬಟ್ಟೆಯೆಲ್ಲ ಅವರ ಮುಂದೆ! ಎಂಥಾ ಮರ್ಯಾದೆ ಹೋಯ್ತು!" ಹೋದ ಮರ್ಯಾದೆ ಅದಲ್ಲವೆಂದು ಅವಳಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಫೋನು ಬಂತು. ನರ್ಸಮ್ಮನ ದನಿ ತಣ್ಣಗಿತ್ತು. "ನಿಮ್ಮ ಸಾಮಾನು ಇಲ್ಲಿದೆ. ಇಬ್ಬರೂ ಬನ್ನಿ."

"ನೀನು ಬರಬೇಡ, ನಾನೇ ಹೋಗಿ ತರ್ತೀನಿ" ಎಂದ ಜಿಪ್ಪಣ್ಣ.

"ಹೆಂಗಸರ ಬಟ್ಟೆ ನೀವು ಹೊತ್ಕೊಂಡು ಬರ್ತೀರಾ? ಚೆನ್ನಾಗಿರತ್ತೆ. ನಡೀರಿ." ಅವಳು ಆಗಲೇ ಚಪ್ಪಲಿ ಮೆಟ್ಟಿದ್ದಳು.

ನರ್ಸಮ್ಮನ ನಡುಮನೆಯಲ್ಲಿ ಕುರ್ಚಿಯ ಮೇಲೆ ಇವರ ಬಟ್ಟೆಗಳಿದ್ದವು, ಆಸ್ಪತ್ರೆಯ ಹಾಸಿಗೆಯ ಬಟ್ಟೆಯಂತೆ ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದು. ಕಿಟಕಿಯ ಹತ್ತಿರದ ಮೇಜಿನ ಮೇಲೆ ಮ್ಯಾಪು ಹರಡಿತ್ತು. ನರ್ಸಮ್ಮ ಅದರ ಮುಂದೆ ಕೂತಿದ್ದಳು. ಜಿಪ್ಪಣ್ಣ ಹೊಸ್ತಿಲಲ್ಲೇ ನಿಂತುಬಿಟ್ಟ.

ಹೆಂಡತಿ ಮೇಜಿನ ಹತ್ತಿರ ಹೋದಳು. ತೇಪೆ ಬಟ್ಟೆಯ ನಾಚಿಕೆಯನ್ನು ಮಾತಿನಲ್ಲಿ ಮುಚ್ಚುವ ಆತುರ ಅವಳಿಗೆ. "ನಮ್ಮ ಮ್ಯಾಪು ನೋಡ್ತಿದೀರಾ ನರ್ಸಮ್ಮ? ಇವರು ಹಳೇ ಪುಸ್ತಕದಂಗಡೀಲಿ ಹುಡುಕಿ ತಂದದ್ದು. ಇಲ್ನೋಡಿ, ಮೊದಲ ದಿನ ಅರಮನೆ. ಮಾರನೇ ದಿನ ಈ ದಾರೀಲಿ ಹೋಗಿ ಗೊಂಬೆಯಾಟ. ಈ ಗೀಟೆಲ್ಲ ಇವರೇ ಹಾಕಿದ್ದು. ಕೈ ಎಷ್ಟು ನೇರ ನೋಡಿ!"

ಅವಳ ಬೆರಳು ಮ್ಯಾಪಿನ ಮೇಲೆ ಸಂಭ್ರಮದಿಂದ ಓಡಾಡುತ್ತಿತ್ತು. ಒಂದೊಂದು ಮಾತೂ ಜಿಪ್ಪಣ್ಣನ ಬೆನ್ನಿಗೆ ಚಾಟಿಯೇಟಿನಂತೆ ಬಿತ್ತು. ನರ್ಸಮ್ಮ ತಡೆಯಲಿಲ್ಲ. ಐದು ದಿನವನ್ನೂ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಬಿಳಿ ಪಟ್ಟಿಯ ಮೇಲೆ ಬೆರಳಿಟ್ಟಳು.

"ಈ ಪಟ್ಟಿ ನಮ್ಮ ವಾರ್ಡಿಂದು. ನಾನೇ ಹಚ್ಚಿದ್ದು."

ಹೆಂಡತಿಯ ಬೆರಳು ಇದ್ದಲ್ಲೇ ನಿಂತಿತು. ತಿರುಗಿ ಗಂಡನ ಮುಖ ನೋಡಿದಳು. ಅವನ ಮುಖ ನೋಡಿದ ಮೇಲೆ ಕೇಳುವುದು ಏನೂ ಉಳಿಯಲಿಲ್ಲ. ಮೆಲ್ಲಗೆ ಕೈಯನ್ನು ಮ್ಯಾಪಿನಿಂದ ತೆಗೆದು ಸೆರಗಿನೊಳಗೆ ಇಟ್ಟುಕೊಂಡಳು, ಆ ಕೈಯೇ ಕದ್ದದ್ದೇನೋ ಎಂಬಂತೆ.

"ಇಲ್ಲಿ ಸೊನ್ನೆಗಳಿದ್ವಲ್ಲ ಜಿಪ್ಪಣ್ಣ?" ಎಂದಳು ನರ್ಸಮ್ಮ.

"ಅಳಿಸ್ದೆ."

"ಎಲ್ಲಾನೂ?"

"ಎಲ್ಲಾನೂ."

"ನಮ್ಮೆಜಮಾನ್ರಿಗೆ ಮಂಡಿನೋವು. ನಾವು ಅಲ್ಲಿಗೆ ಹೋದಾಗ ಅರಮನೆ ಗಿರಮನೆ ಏನೂ ಹತ್ತಲಿಲ್ಲ. ನಾಲ್ಕು ಹೆಜ್ಜೆ ನಡೆಯೋರು, ಬೆಂಚು ಕಂಡರೆ ಕೂರೋರು. ಕೂತಲ್ಲೆಲ್ಲ ಒಂದು ಸೊನ್ನೆ ಹಾಕೋರು. 'ಮುಂದಿನ ಸಲ ಬಂದಾಗ ಕೂರೋದಕ್ಕೆ ಜಾಗ ಹುಡುಕೋ ಹಾಗಿಲ್ಲ ನೋಡು' ಅನ್ನೋರು. ಈ ಮ್ಯಾಪು ಕಳೆದೇಹೋಯ್ತು ಅಂತ ಮನೆಯೆಲ್ಲ ಜಾಲಾಡಿದ್ದೆ." ಅವಳು ಅಳಲಿಲ್ಲ. ಅತ್ತಿದ್ದರೆ, ಬೈದಿದ್ದರೆ, ಜಿಪ್ಪಣ್ಣನಿಗೆ ಕಾಲೂರಲು ಒಂದು ನೆಲ ಸಿಗುತ್ತಿತ್ತು.

ಅವನು ಮುಂದೆ ಬಂದು, ಏನಾದರೂ ಮಾಡಬೇಕಲ್ಲ ಎಂಬ ಸಂಕಟಕ್ಕೆ, "ನಾನು ಹಾಕಿರೋ ಗೀಟಾದ್ರೂ ಅಳಿಸಿಕೊಡ್ತೀನಿ ಅಮ್ಮಾ" ಎಂದ.

"ಬೇಡ" ಎಂದು ನರ್ಸಮ್ಮ ಕೈ ಅಡ್ಡ ಹಿಡಿದಳು. "ಇನ್ನೊಂದು ಸಲ ಉಜ್ಜಿದ್ರೆ ಕಾಗದ ತೂತಾಗತ್ತೆ."

ಬಟ್ಟೆಯನ್ನು ಗಂಟು ಕಟ್ಟಿಕೊಂಡು ಇಬ್ಬರೂ ಹೊರಬಿದ್ದರು. ಹೆಂಡತಿ ಮುಂದೆ, ಅವನು ಹಿಂದೆ. ಗಂಟು ಕೊಡು ಎಂದರೆ ಕೊಡಲಿಲ್ಲ. ತಮ್ಮ ಬೀದಿಯ ತಿರುವಿನಲ್ಲಿ ನಿಂತು ಒಂದೇ ಮಾತು ಹೇಳಿದಳು: "ಕೇಳಿದ್ರೆ ಕೊಡ್ತಿದ್ರಲ್ರೀ ಅವರು."

ಅಂಗಡಿಯ ಮುಂದೆ ಟೈಲರ್ ಯಾವುದೋ ಹೊಸ ಗಿರಾಕಿಗೆ, "ಧೈರ್ಯವಾಗಿ ಬಿಟ್ಟುಹೋಗಿ, ಚಿನ್ನದ ಉಂಗುರಾನೇ ವಾಪಸ್ ಕೊಟ್ಟವನು ಇವನು" ಎನ್ನುತ್ತಿದ್ದ. ಜಿಪ್ಪಣ್ಣ ತಲೆ ಎತ್ತದೆ ಗೂಡಿನೊಳಗೆ ನುಸುಳಿದ. ಉಂಗುರದ ಕಥೆಯನ್ನು ಅವನು ಮತ್ತೆ ಯಾರಿಗೂ ಹೇಳಲಿಲ್ಲ.

ಪ್ರಯಾಣ ಬೇಡವೆಂದು ಅವನೇ ಹೇಳಿದ. ಹೆಂಡತಿ ಒಪ್ಪಲಿಲ್ಲ. "ನಿಮ್ಮ ತಪ್ಪಿಗೆ ನಾನ್ಯಾಕೆ ಮನೇಲಿ ಕೂರಬೇಕು?" ಎಂದು ತಾನೇ ಪೇಟೆಗೆ ಹೋಗಿ ಹೊಸ ಮ್ಯಾಪು ಕೊಂಡು ತಂದಳು. ಅಂಗಡಿಯ ರಸೀದಿ ಚೀಟಿಯನ್ನು ತೆಗೆಯದೆ ಅದಕ್ಕೇ ಸಿಕ್ಕಿಸಿಟ್ಟಳು. ಆ ಚೀಟಿ ಕಂಡಾಗಲೆಲ್ಲ ಜಿಪ್ಪಣ್ಣನ ಮುಖ ಹುಳ್ಳಗಾಗುತ್ತಿತ್ತು.

ಸಂಜೆ ಮತ್ತೆ ನೆಲದ ಮೇಲೆ ಮ್ಯಾಪು ಹಾಸಿದರು. ನೋಡದೆಯೇ ಅವನಿಗೆ ಪ್ರತಿ ರಸ್ತೆಯೂ ಬಾಯಿಪಾಠವಾಗಿತ್ತು, ಸೊನ್ನೆಗಳಿದ್ದ ಜಾಗ ಕೂಡ. ಎಷ್ಟು ಉಜ್ಜಿದ್ದನೋ ಅಷ್ಟೂ ನೆನಪಿತ್ತು. ಹೆಂಡತಿ ಪೆನ್ಸಿಲನ್ನು ಅವನತ್ತ ಸರಿಸಿದಳು. ಅವನು ಮುಟ್ಟಲಿಲ್ಲ. ಬಹಳ ಹೊತ್ತಾದ ಮೇಲೆ, ಹೊಳೆ ತಿರುಗುವ ಕಡೆ, ಹೆಬ್ಬೆರಳಿನ ಉಗುರಿನಿಂದ ಕಾಗದವನ್ನು ಒಮ್ಮೆ ಒತ್ತಿದ.

"ಅಲ್ಲೇನಿದೆ?" ಎಂದಳು ಅವಳು.

"ಬೆಂಚು."

ಅವಳು ದೀಪದ ಕಡೆಗೆ ಮ್ಯಾಪನ್ನು ಓರೆಮಾಡಿ ಆ ಉಗುರಿನ ಗುರುತನ್ನು ನೋಡಿದಳು. ಪೆನ್ಸಿಲು ತೆಗೆದುಕೊಂಡು, ಮೊದಲ ದಿನದ ಗೀಟನ್ನು ಅರಮನೆಯಿಂದ ಆ ಕಡೆಗೆ ತಿರುಗಿಸಿದಳು.