ಒಂದು ಇಟ್ಟಿಗೆಯಷ್ಟು ಜಾಗ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಗಟು ಮಾರುಕಟ್ಟೆಯ ಹಿಂಬಾಗಿಲ ಬಳಿ ಗೋಡೆಗುಂಟ ಇಟ್ಟಿಗೆಗಳ ಸಾಲು. ಒಂದರ ಮೇಲೆ ಬಳೆಯ ಗುರುತು, ಒಂದರ ಮೇಲೆ ಮೀನು, ಇನ್ನೊಂದರ ಮೇಲೆ ಏಣಿ. ಮೂಟೆ ಸಾಗಿಸುವ ಸೈಕಲ್ ಗಾಡಿಯವರ ಸರದಿ ಇದು. ಇಟ್ಟಿಗೆ ಇಟ್ಟವರು ನಿಶ್ಚಿಂತೆಯಿಂದ ಚಹಾಕ್ಕೆ ಹೋಗಬಹುದು. ಅಷ್ಟರಲ್ಲಿ ಕಿರ್ರೆಂದು ಬ್ರೇಕಿನ ಸದ್ದು. ಬಳೆ ಗುರುತಿನ ಒಡತಿ ಬಂದರು. ಆ ಬ್ರೇಕಿನಿಂದಲೇ ಅವರಿಗೆ ಕಿರ್ರಕ್ಕ ಎಂಬ ಹೆಸರು.

"ಎಣ್ಣೆ ಬಿಟ್ರೆ ಸದ್ದು ನಿಲ್ಲತ್ತೆ. ಆದ್ರೆ ಹಾರ್ನ್ ಯಾರು ಕೊಡಿಸ್ತಾರೆ?" ಎನ್ನುತ್ತಾ ಈರುಳ್ಳಿ ಮೂಟೆಗಳಿಗೆ ಹಗ್ಗ ಬಿಗಿಯುತ್ತಾರೆ.

ಈ ಸಾಲಿಗೊಂದು ಕಟ್ಟುಪಾಡಿದೆ. ಕಾಯಿಲೆ ಬಿದ್ದವರ ಇಟ್ಟಿಗೆಯೂ ಸಾಲಿನಲ್ಲೇ ಇರುತ್ತದೆ. ಅದರ ಸರದಿ ಬಂದಾಗ ಸಾಲಿನಲ್ಲಿ ಅದರ ಹಿಂದಿರುವವರು ಆ ಬಾಡಿಗೆ ತುಳಿದು, ಬಂದದ್ದನ್ನು ಅವರ ಮನೆಗೆ ಮುಟ್ಟಿಸಬೇಕು. ಮೊದಲು ಈ ಗಾಡಿ ತುಳಿಯುತ್ತಿದ್ದ ಕಿರ್ರಕ್ಕನ ಗಂಡನ ಬೆನ್ನುಮೂಳೆಗೆ ಪೆಟ್ಟು ಬಿದ್ದಾಗ ಒಂದಿಡೀ ಮಳೆಗಾಲ ಮನೆಯ ಒಲೆ ಉರಿದದ್ದು ಹೀಗೆಯೇ. ಆಮೇಲೆ ಕಿರ್ರಕ್ಕನೇ ಪೆಡಲ್ ಮೇಲೆ ಕಾಲಿಟ್ಟರು. ಹಲವರು ಮೂಗು ಮುರಿದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಏಣಿ ಗುರುತಿನ ತಾತ.

ಈಗ ಮಾರುಕಟ್ಟೆಯನ್ನು 'ಹಸಿರು' ಮಾಡಲು ನಗರಸಭೆ ಹೊರಟಿದೆ. ಇನ್ನು ಮುಂದೆ ಒಂದೇ ಕಂಪನಿಯ ಬ್ಯಾಟರಿ ಗಾಡಿಗಳಿಗೆ ಮಾತ್ರ ಪ್ರವೇಶ. ಇಟ್ಟಿಗೆ ಸಾಲಿನ ಜಾಗದಲ್ಲಿ ಚಾರ್ಜಿಂಗ್ ಕೇಂದ್ರ ಬರುತ್ತದಂತೆ. ಹುಟ್ಟಿದಾಗಿನಿಂದ ಹೊಗೆಯನ್ನೇ ಉಗುಳದ ಗಾಡಿಗಳನ್ನು ಹೊಗೆ ತಗ್ಗಿಸುವ ಹೆಸರಿನಲ್ಲಿ ಎತ್ತಂಗಡಿ ಮಾಡುವ ಈ ಜಾಣತನಕ್ಕೆ ಏನನ್ನಬೇಕೋ ನನಗೆ ತಿಳಿಯದು. ಕೇಳಿದರೆ ಮೈ ಉರಿಯುತ್ತದೆ.

ಕಂಪನಿಯವರು ಕಿರ್ರಕ್ಕನಿಗೆ ಚಾಲಕಿಯ ಕೆಲಸ ಕೊಡುತ್ತೇವೆ ಎಂದೂ ಬಂದಿದ್ದರು. ಸಮವಸ್ತ್ರ, ತಿಂಗಳ ಸಂಬಳ, ಎಲ್ಲವೂ. ಕಿರ್ರಕ್ಕ ಸೊಪ್ಪು ಹಾಕಲಿಲ್ಲ.

"ನಂಗೊಬ್ಳಿಗೇ ಕೆಲಸ ಅಂತೆ. ಫೋಟೋಗೆ ಒಬ್ಳು ಹೆಂಗಸು ಬೇಕಲ್ಲ. ಉಂಡ ಮನೆಗೆ ಎರಡು ಬಗೆಯೋಳಲ್ಲ ನಾನು. ಬ್ಯಾಟರಿ ಗಾಡಿ ಬರ್ಲಿ, ಬೇಡ ಅನ್ನಲ್ಲ, ಕಾಲಿನ ಮಂಡಿಗಾದ್ರೂ ಸುಖ. ಆದ್ರೆ ಅದನ್ನ ನಮ್ಮ ಗಾಡಿಯವರ ಸಂಘಕ್ಕೆ ಕೊಡ್ಲಿ. ಇದೇ ಸಾಲಲ್ಲಿ, ಇದೇ ಸರದೀಲಿ ಓಡಿಸ್ತೀವಿ. ಅಲ್ಲೀವರೆಗೂ ಇಲ್ಲಿಂದ ಕದಲಲ್ಲ."

ಕಳೆದ ವಾರ ನಗರಸಭೆಯ ಲಾರಿ ಬಂದು ಇಟ್ಟಿಗೆಗಳನ್ನೆಲ್ಲ ಕಟ್ಟಡದ ಕಸವೆಂದು ಹೊತ್ತೊಯ್ದಿತು. ಸಾಲು ಚೆದುರಿತು, ಇನ್ನು ಇವರೇ ಸರದಿಗಾಗಿ ಕಿತ್ತಾಡಿ ಜಾಗ ಬಿಡುತ್ತಾರೆ ಎಂದು ಲಾರಿಯೊಂದಿಗೆ ಬಂದ ಮೇಲ್ವಿಚಾರಕ ನಕ್ಕನಂತೆ.

ಮರುದಿನ ನಸುಕಿನಲ್ಲಿ ಗಾಡಿಯವರು ತಮ್ಮ ತಮ್ಮ ಇಟ್ಟಿಗೆಯಿದ್ದ ಜಾಗದಲ್ಲಿ ತಾವೇ ನಿಂತರು. ಒಬ್ಬರೂ ಸರದಿ ತಪ್ಪಲಿಲ್ಲ. ಕಿರ್ರಕ್ಕನ ಮುಂದೆ ಮಾತ್ರ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇತ್ತು. ಮಂಡಿ ಆಪರೇಷನ್ ಆಗಿ ಮಲಗಿರುವ ಏಣಿ ತಾತನ ಜಾಗ ಅದು. ಅವರ ಸರದಿ ಬಂದಾಗ ಆ ಬಾಡಿಗೆ ತುಳಿದದ್ದು ಕಿರ್ರಕ್ಕನೇ.

ಅಂದು ಸಂಜೆ ಬಾಡಿಗೆ ಮುಟ್ಟಿಸಲು ಹೋದಾಗ ತಾತ ಕೇಳಿದ್ದು ಒಂದೇ ಮಾತು.

"'ಇಟ್ಟಿಗೆ ಇರ್ಲಿಲ್ವಲ್ಲ, ನನ್ನ ಜಾಗಕ್ಕೆ ಯಾರೂ ಸರೀಲಿಲ್ವೇನಮ್ಮ?' ಅಂದ್ರು," ಎನ್ನುತ್ತಾ ಕಿರ್ರಕ್ಕ ಪೆಡಲ್ ಮೇಲೆ ಕಾಲಿಡುತ್ತಾರೆ. "'ಸರಿಯೋರು ಇನ್ನೂ ಹುಟ್ಟಿಲ್ಲ ತಾತ, ನೀನು ಬೇಗ ಎದ್ದು ಬಾ' ಅಂದೆ."