ದೊಕ್‌ಸುನ್ ಒಪ್ಪಲಿಲ್ಲ

ಇಪ್ಪತ್ತೆರಡು ವರ್ಷ ಟಿ.ವಿ. ಧಾರಾವಾಹಿ ಬರೆದೇ ಹೊಟ್ಟೆ ಹೊರೆದ ಪ್ಯೊ ಯೊಂಗ್‌ಸಿಲ್‌ಗೆ ಆ ಮಂಗಳವಾರ ಒಂದು ವಾಕ್ಯ ಬರೆಯಲಾಗಲಿಲ್ಲ. ಅದೇನು ಮಹಾ ವಾಕ್ಯವೂ ಅಲ್ಲ. 'ಆಯ್ತು, ಮನೆಗೆ ಹೋಗೋಣ ನಡೀರಿ.' ನಾಯಕಿ ದೊಕ್‌ಸುನ್ ಇಷ್ಟನ್ನು ಗಂಡನಿಗೆ ಹೇಳಿದರೆ ಮುಗಿಯಿತು. ಇನ್ನೊಬ್ಬಳನ್ನು ಕಟ್ಟಿಕೊಂಡು ಏಳು ವರ್ಷ ನಾಪತ್ತೆಯಾಗಿದ್ದ ಆ ಪುಣ್ಯಾತ್ಮ ಈಗ ಕಾಯಿಲೆ ಹತ್ತಿಸಿಕೊಂಡು ಅವಳ ನೂಡಲ್ಸ್ ಅಂಗಡಿಯ ಬಾಗಿಲಿಗೆ ಬಂದಿದ್ದಾನೆ. ಗಂಡ ಹೆಂಡತಿ ಒಂದಾಗಲೇಬೇಕು ಎಂದು ಚಾನೆಲ್‌ನವರ ಅಪ್ಪಣೆ.

ದೊಕ್‌ಸುನ್‌ಳನ್ನು ಹುಟ್ಟಿಸಿದ್ದು ಯೊಂಗ್‌ಸಿಲ್‌ಳೇ. ಹೆಸರಿಟ್ಟದ್ದು, ಮೂಗಿನ ತುದಿಯ ಸಿಟ್ಟು ಕೊಟ್ಟದ್ದು, ಎಲ್ಲ ಅವಳೇ. ಆದರೂ ಆ ಹೆಂಗಸು ಬಾಯಿ ಬಿಡಲೊಲ್ಲಳು. ಬೆಳಗಿನಿಂದ ಒಂಬತ್ತು ಸಲ ಬರೆದರೆ ಒಂಬತ್ತು ಸಲವೂ ಗಂಡನ ಮುಖ ನೋಡದೆ ಮೇಜು ಒರೆಸುತ್ತಾ ನಿಂತಳು.

ನಿರ್ಮಾಪಕ ಕಿ ಸಂಗ್‌ಮಿನ್‌ನ ಫೋನು ಬಂತು. "ಮೇಡಂ, ಸೆಟ್ಟಲ್ಲಿ ಅರವತ್ತು ಜನ ನೊಣ ಹೊಡೀತಾ ಕೂತಿದ್ದಾರೆ. ಒಂದು ಪುಟ ಆದ್ರೂ ಕಳ್ಸಿ."

"ಅವಳು ಒಪ್ತಾ ಇಲ್ಲ ಕಣ್ರೀ."

"ಯಾರು, ನಟಿನಾ? ಆಗ್ಲೇ ಮೇಕಪ್ ಮುಗಿಸಿ ಕೂತಿದ್ದಾರಲ್ಲ."

"ನಟಿ ಅಲ್ಲ. ದೊಕ್‌ಸುನ್."

"ಮೇಡಂ, ನಾವು ಸಂಬಳ ಕೊಡೋದು ದೊಕ್‌ಸುನ್‌ಗಲ್ಲ, ನಿಮಗೆ" ಎಂದು ಅವನು ಫೋನು ಇಟ್ಟುಬಿಟ್ಟ.

ಸಾಲದ್ದಕ್ಕೆ ಕಾಲೇಜಿನಲ್ಲಿ ಸಾಹಿತ್ಯ ಪಾಠ ಮಾಡುವ ತಮ್ಮ ಬೇರೆ ವಕ್ಕರಿಸಿದ್ದ. "ಅಕ್ಕಾ, ಬರೆದು ಹೊರಗೆ ಬಿಟ್ಮೇಲೆ ಲೇಖಕಿ ಸತ್ತ ಹಾಗೇ ಲೆಕ್ಕ. ಕಥೆ ಏನು ಅನ್ನೋದು ನೋಡೋರಿಗೆ ಬಿಟ್ಟಿದ್ದು. ನೀನ್ಯಾಕೆ ಒದ್ದಾಡ್ತೀಯ?"

"ಸತ್ತೋಳಿಗೆ ಪುಟ ಕಳ್ಸು ಅಂತ ಯಾರೋ ಫೋನ್ ಮಾಡ್ತಾರೆ? ತಿನ್ನೋಕೆ ತಂದಿರೋ ಕಿಂಬಾಪ್ ಇಲ್ಲಿಟ್ಟು ನಡಿ ಆಚೆಗೆ."

ಅವನನ್ನು ಬೈದು ಕಳಿಸಿದರೆ ಕೆಲಸವಾಗುತ್ತದೆಯೇ? ಯೊಂಗ್‌ಸಿಲ್‌ಗೆ ಚಾನೆಲ್ಲಿನ ಮೇಲೆ, ದೊಕ್‌ಸುನ್ ಮೇಲೆ, ಎಲ್ಲಕ್ಕಿಂತ ತನ್ನ ಮೇಲೆಯೇ ರೇಗಿಹೋಯಿತು. ಮಧ್ಯಾಹ್ನ ಹನ್ನೆರಡಕ್ಕೆ ದೊಕ್‌ಸುನ್‌ಳ ಕತ್ತು ಹಿಡಿದು ಆ ವಾಕ್ಯ ಹೇಳಿಸಿ ಪುಟ ಕಳಿಸಿದಳು. ಮರುದಿನ ಸಂಜೆ ಕಂತು ಪ್ರಸಾರವಾಯಿತು. ಇಷ್ಟು ಜನ ಹಿಂದೆಂದೂ ನೋಡಿರಲಿಲ್ಲವಂತೆ. ಸಂಗ್‌ಮಿನ್ ಹೂಗುಚ್ಛ ಕಳಿಸಿದ. ಅದನ್ನು ಕಂಡು ಅವಳಿಗೆ ಮೈಯೆಲ್ಲ ಉರಿಯಿತು.

ಮಾರನೆಯ ದಿನ ಅವಳು ಸಂತೆಬೀದಿಯಲ್ಲಿದ್ದ ತಾಯಿಯ, ಊಟಕ್ಕೆ ನೆಂಚಿಕೊಳ್ಳುವ ವ್ಯಂಜನ ಮಾರುವ ಅಂಗಡಿಗೆ ಹೋದಳು. ಎಪ್ಪತ್ತೆಂಟರ ಮುದುಕಿ ಎಲೆಗಳಿಗೆ ಖಾರ ಸವರಿ ಒಂದರ ಮೇಲೊಂದು ಪೇರಿಸುತ್ತಿದ್ದಳು. ಯೊಂಗ್‌ಸಿಲ್ ಚಿಕ್ಕವಳಿದ್ದಾಗ ಅವಳಪ್ಪನೂ ದೊಕ್‌ಸುನ್‌ಳ ಗಂಡನ ಹಾಗೆಯೇ ಮನೆ ಬಿಟ್ಟು ಹೋಗಿ ಕಾಯಿಲೆ ಹೊತ್ತು ಮರಳಿದ್ದ. ತಾಯಿ ಒಳಗೆ ಕರೆದುಕೊಂಡಿದ್ದಳು, ಸಾಯುವ ತನಕ ಗಂಜಿ ಕುಡಿಸಿದ್ದಳು. ಯಾಕೆಂದು ಮಗಳು ಕೇಳಿದ್ದಿಲ್ಲ.

"ನಿನ್ನೆ ನೋಡಿದ್ಯಾ ಅಮ್ಮಾ?"

"ಅರ್ಧಕ್ಕೇ ಆರಿಸ್ದೆ." ತಾಯಿ ತಲೆಯೆತ್ತಲಿಲ್ಲ. "ಅವಳಾದ್ರೂ ಆಗಲ್ಲ ಅಂತಾಳೆ ಅಂತ ಇಷ್ಟು ದಿನ ಕಾದೆ ಕಣೇ."

"ಅವಳು ಆಗಲ್ಲ ಅಂತಾನೇ ಅಂದ್ಳಮ್ಮಾ. ನಾನೇ ಬಿಡ್ಲಿಲ್ಲ."

"ಹೂಂ," ಎಂದಳು ತಾಯಿ, ಇನ್ನೊಂದು ಎಲೆ ಬಿಡಿಸುತ್ತಾ. "ಅವತ್ತು ನಿಮ್ಮಪ್ಪ ಬಂದಾಗ ನಿಮ್ಮಜ್ಜಿನೂ ಬಿಡ್ಲಿಲ್ಲ."