ನಿಮ್ಮಪ್ಪನ ಬಾಯಿಗೆ ನಾನು ಹಾಕಿದ ಮಾತು

ರತ್ನಾ, ಗುಂಡು ಎಸೆತದ ಆಯ್ಕೆ ನಿನಗೆ ತಪ್ಪುವಂತೆ ಮಾಡಿದವಳು ನಾನು. ದಿನ ಬದಲಾದದ್ದು ನನಗೆ ಗೊತ್ತಿತ್ತು. ನಿನಗೆ ಹೇಳಲಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ — ಆ ತಪ್ಪನ್ನು ನಿಮ್ಮಪ್ಪನ ತಲೆಗೆ ಕಟ್ಟಿದೆ.

ಹನ್ನೊಂದು ವರ್ಷವಾಯಿತು. ಮಿರ್ಲೆಯ ಶಾಲೆಯ ಮೈದಾನದಲ್ಲಿ ದಿನಾ ಸಂಜೆ ನಾವಿಬ್ಬರೂ ಅಭ್ಯಾಸ ಮಾಡುತ್ತಿದ್ದೆವು. ನನ್ನದು ಪೋಲಿಯೋ ಕಾಲು. ನೀನು ಕಬ್ಬಿನ ಟ್ರ್ಯಾಕ್ಟರ್ ಮಗುಚಿ ಮೊಣಕಾಲಿನ ಕೆಳಗೆ ಕಾಲನ್ನೇ ಕಳೆದುಕೊಂಡವಳು. ಕೃತಕ ಕಾಲಿನ ಪಟ್ಟಿ ಉಜ್ಜಿ ಚರ್ಮ ಕೆಂಪಾಗಿದ್ದರೂ ನೀನು "ಇನ್ನೊಂದ್ ಸಲ ಕಣೆ" ಅನ್ನುತ್ತಿದ್ದೆ. ಪ್ರತಿ ಸಲವೂ ನಿನ್ನ ಗುಂಡು ನನ್ನದಕ್ಕಿಂತ ಒಂದು ಮೊಳ ಮುಂದೆ. ನಮಗೆ ಕಲಿಸುತ್ತಿದ್ದ ಸರ್ ಹೇಳಿದ್ದರು — ನಮ್ಮ ಗುಂಪಿನಿಂದ ರಾಜ್ಯಮಟ್ಟಕ್ಕೆ ಹೋಗುವುದು ಒಬ್ಬಳೇ ಎಂದು. ಅಂದಿನಿಂದ ನಾನು ನಿನ್ನ ಜೊತೆ ನಗುವಾಗಲೂ ಆ ಒಂದು ಮೊಳವನ್ನೇ ನೋಡುತ್ತಿದ್ದೆ.

ಭಾನುವಾರದ ಆಯ್ಕೆ ಶನಿವಾರಕ್ಕೆ ಬಂದಿದೆ ಎಂದು ಸರ್ ನನಗೆ ಫೋನ್ ಮಾಡಿದರು. ನಿಮ್ಮಪ್ಪನ ಫೋನು ಕೆಟ್ಟಿತ್ತು. "ರತ್ನಂಗೂ ಹೇಳ್ಬಿಡಮ್ಮ" ಅಂದರು. ಹೇಳಲೆಂದೇ ಹೊರಟೆ — ನಿಮ್ಮ ಮನೆಯ ಜಗಲಿಯವರೆಗೂ ಹೋದೆ. ಒಳಗಿಂದ ನಿನ್ನ ದನಿ ಕೇಳಿಸಿತು. ಅಲ್ಲಿಂದಲೇ ಹಿಂದಿರುಗಿದೆ.

ಶನಿವಾರ ಮೈಸೂರಿನಲ್ಲಿ ಸರ್ ಕೇಳಿದರು, "ರತ್ನ ಎಲ್ಲಮ್ಮ?"

"ಅವರಪ್ಪ ಕಳಿಸಲ್ಲ ಅಂದ್ರು ಸರ್. ಕುಂಟಿ ಮಗಳನ್ನ ಮೈದಾನದಲ್ಲಿ ನಿಲ್ಸಿ ಜನಕ್ಕೆ ತೋರಿಸ್ಬೇಕಾ ಅಂದ್ರಂತೆ."

ಸರ್ ಪಟ್ಟಿಯಲ್ಲಿ ನಿನ್ನ ಹೆಸರು ಹೊಡೆದುಹಾಕಿದರು. ನಮ್ಮಂಥವರ ಮನೆಯವರ ಬಗ್ಗೆ ಇಂಥ ಮಾತು ಹೇಳಿದರೆ ಎಲ್ಲರೂ ನಂಬುತ್ತಾರೆ. ನಾನು ಹುಟ್ಟಿಸಿದ್ದೂ ಅಲ್ಲ — ಅದು ನನ್ನಪ್ಪ ನನಗೆ ಅಂದಿದ್ದ ಮಾತು. ಅದನ್ನೇ ಎತ್ತಿ ನಿಮ್ಮಪ್ಪನ ಬಾಯಿಗೆ ಹಾಕಿದೆ.

ನಿಮ್ಮಪ್ಪ ಭಾನುವಾರ ನಿನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಮೈಸೂರಿಗೆ ಹೋಗಿ, ಬೀಗ ಹಾಕಿದ ಗೇಟಿನ ಮುಂದೆ ಮಧ್ಯಾಹ್ನದವರೆಗೆ ನಿಂತಿದ್ದರು. ನೀವು ಮರಳಿ ಬಂದಾಗ "ನಂಗೂ ಕೊನೇ ಗಳಿಗೇಲಿ ಗೊತ್ತಾಯ್ತು" ಎಂದು ನಾನು ಅತ್ತೆ. ನೀನೇ ನನ್ನನ್ನು ಸಮಾಧಾನ ಮಾಡಿದೆ.

ರಾಜ್ಯಮಟ್ಟದಲ್ಲಿ ನನಗೆ ಮೂರನೇ ಸ್ಥಾನ ಬಂತು. ಪಿರಿಯಾಪಟ್ಟಣದ ಹಾಸ್ಟೆಲಿನ ಈ ಕೆಲಸ ಆ ಪ್ರಮಾಣಪತ್ರದಿಂದ ಸಿಕ್ಕಿದ್ದು. ನೀನು ಮತ್ತೆ ಗುಂಡು ಮುಟ್ಟಲಿಲ್ಲ.

ಹೋದ ವಾರ ನಿನ್ನ ಫೋನ್ ಬಂತು. "ಹುಣಸೂರಲ್ಲಿ ಮುಂದಿನ ಭಾನುವಾರ ನಮ್ಮಂಥ ಹೆಣ್ಮಕ್ಕಳಿಗೇ ಆಟ ಇಟ್ಟವ್ರೆ ಕಣೆ. ಎಸ್ದೇಬುಡ್ತೀನಿ. ನೀನು ಬಂದು ಪಕ್ಕದಲ್ಲಿರು." ಆಮೇಲೆ ನೀನೇ ಅಂದೆ, "ಸರೂ ಬತ್ತಾರಂತೆ. ಅವತ್ತು ದಿನ ಬದಲಾಗಿದ್ದು ಯಾಕ್ ಹೇಳ್ಲಿಲ್ಲ ಅಂತ ಅಪ್ಪ ಸರ್ ಮನೇಗೆ ಕೇಳೋಕ್ ಹೋದಾಗ ಸರ್ ಮುಖ ಕೊಟ್ಟು ಮಾತಾಡ್ಲಿಲ್ವಂತೆ. ಯಾಕೆ ಅಂತ ಸಾಯೋಗಂಟ ಕೇಳ್ತಿತ್ತು. ಈ ಸಲ ಕೇಳೇಬುಡ್ತೀನಿ."

ಸರ್ ಬಾಯಿ ಮುಚ್ಚಿಸುವುದು ಹೇಗೆ — ಮೊದಲು ಬಂದ ಯೋಚನೆ ಅದೇ, ಅದನ್ನೂ ಮುಚ್ಚಿಡುವುದಿಲ್ಲ. ಆಮೇಲೆ, ಆಟ ಮುಗಿದ ಮೇಲೆ ಹೇಳೋಣ, ನಿನ್ನ ಕೈ ತಪ್ಪಬಾರದು ಅಂದುಕೊಂಡೆ. ಅದು ನಿನ್ನ ಮೇಲಿನ ಕಾಳಜಿಯೋ, ಇನ್ನೆರಡು ದಿನ ನಿನ್ನ ಗೆಳತಿಯಾಗಿ ಉಳಿಯುವ ಆಸೆಯೋ...

ಇವತ್ತು ಬೆಳಿಗ್ಗೆ ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಆ ಮನುಷ್ಯ ಬಿಸಿಲಲ್ಲಿ ನಿಂತಿದ್ರು ಕಣಮ್ಮ. ನಾನು ಒಳಗೆ ಬನ್ನಿ ಅನ್ಲಿಲ್ಲ" ಅಂದರು. ಫೋನ್ ಇಟ್ಟರು.

ನಿಮ್ಮಪ್ಪನಿಗೆ ಹೇಳುವುದು ಇನ್ನು ಆಗುವುದಿಲ್ಲ. ಬಾಯಲ್ಲಿ ಹೇಳಹೊರಟರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆಂಬ ಭಯಕ್ಕೆ ಇದನ್ನು ಬರೆದೆ. ನಾಳೆ ಶನಿವಾರ, ಮೊದಲ ಬಸ್ಸಿಗೆ ನಿಮ್ಮ ಮನೆಗೆ ಬರುತ್ತೇನೆ. ನಿನಗೂ ನಿಮ್ಮಮ್ಮನಿಗೂ ಓದಿ ಹೇಳುತ್ತೇನೆ. ಆಮೇಲೆ ನೀವು ಏನಂದರೂ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತೇನೆ.